ನಿಮ್ಮ ಜೇಬಲ್ಲಿ 3 ಗ್ರಾಂ, ಗೆಳೆಯನ ಜೇಬಲ್ಲಿ 8 ಗ್ರಾಂ: ಡ್ರಗ್ಸ್ ಕೇಸಿನಲ್ಲಿ ಯಾರ ತೂಕ ಯಾರ ತಲೆಗೆ?

ಉಡುಪಿ ಜಿಲ್ಲೆಯ ಸುದ್ದಿಗಳನ್ನು ದಿನಾ ನೋಡುವವರಿಗೆ ಎರಡು ಬಗೆಯ ಡ್ರಗ್ಸ್ ಸುದ್ದಿ ಚೆನ್ನಾಗಿ ಗೊತ್ತು. ಮೊದಲನೆಯದು ನಾಲ್ಕೇ ಸಾಲಿನದ್ದು: ಮಣಿಪಾಲದಲ್ಲೋ ಕಾಪುವಿನಲ್ಲೋ ಅನುಮಾನಾಸ್ಪದವಾಗಿ ನಿಂತಿದ್ದ ಯುವಕನನ್ನು ಪೊಲೀಸರು ವಶಕ್ಕೆ ಪಡೆದರು, ಕೆಎಂಸಿಯ ವಿಧಿವಿಜ್ಞಾನ ವಿಭಾಗದಲ್ಲಿ ಪರೀಕ್ಷೆ ಮಾಡಿಸಿದಾಗ ಗಾಂಜಾ ಸೇವನೆ ದೃಢಪಟ್ಟಿತು, ಪ್ರಕರಣ ದಾಖಲಾಯಿತು. ಎರಡನೆಯದಕ್ಕೆ ಫೋಟೊ ಇರುತ್ತದೆ. ಮೇಜಿನ ಮೇಲೆ ಪ್ಯಾಕೆಟ್, ಮೊಬೈಲ್, ತೂಕದ ಯಂತ್ರ. ಹಿಂದೆ ಸಾಲಾಗಿ ನಿಂತ ಸಿಬ್ಬಂದಿ. ಮೇಲೆ ಹೆಡ್‌ಲೈನ್ ‘ಮಾದಕ ಜಾಲ ಪತ್ತೆ, ಒಟ್ಟು ಇಷ್ಟು ಗ್ರಾಂ ವಶ’.

ಈ ‘ಒಟ್ಟು’ ಅನ್ನುವ ಪದದ ಬಗ್ಗೆಯೇ ಈ ಲೇಖನ. ಸುದ್ದಿಯಲ್ಲಿ ಅದೊಂದು ಸರಳ ಸಂಕಲನ. ಕೋರ್ಟಿನಲ್ಲಿ ಅದೇ ಸಂಕಲನ ಒಬ್ಬ ಹುಡುಗನ ಪಾಲಿಗೆ ಕೆಲವೇ ವಾರಗಳ ಕಸ್ಟಡಿ ಮತ್ತು ಕನಿಷ್ಠ ಹತ್ತು ವರ್ಷಗಳ ಜೈಲಿನ ನಡುವಿನ ವ್ಯತ್ಯಾಸ ಆಗಬಹುದು.

ಮೂರು ಖಾನೆಗಳ ಕಾನೂನು

1985ರ ಎನ್‌ಡಿಪಿಎಸ್ ಕಾಯ್ದೆ ಶುರುವಿನಲ್ಲಿ ತುಂಬಾ ಒರಟಾಗಿತ್ತು. ಸ್ವಂತ ಬಳಕೆಗೆ ಇಟ್ಟುಕೊಂಡದ್ದು ಅಂತ ಸಾಬೀತು ಮಾಡಲಾಗದಿದ್ದರೆ, ಹೆರಾಯಿನ್‌ನಂಥ ವಸ್ತು ಎಷ್ಟೇ ಸಿಗಲಿ, ಕನಿಷ್ಠ ಹತ್ತು ವರ್ಷ. 2001ರ ತಿದ್ದುಪಡಿ ಇದನ್ನು ಬದಲಿಸಿತು. ದೊಡ್ಡ ವ್ಯಾಪಾರಿಗೆ ಕಠಿಣ ಶಿಕ್ಷೆ, ಚಟಕ್ಕೆ ಬಿದ್ದವನಿಗೂ ಸಣ್ಣ ಅಪರಾಧದವನಿಗೂ ಹಗುರ ಶಿಕ್ಷೆ ಅನ್ನುವುದು ಅದರ ಉದ್ದೇಶ. ಅದಕ್ಕಾಗಿ ಪ್ರತಿ ಮಾದಕವಸ್ತುವಿಗೆ ಎರಡು ಗೆರೆ ಎಳೆದರು: ಅಲ್ಪ ಪ್ರಮಾಣ ಮತ್ತು ವಾಣಿಜ್ಯ ಪ್ರಮಾಣ. ಇವೆರಡರ ನಡುವೆ ಇರುವುದು ಮಧ್ಯಮ ಪ್ರಮಾಣ.

ಗಾಂಜಾಕ್ಕೆ ಈ ಗೆರೆಗಳು 1 ಕಿಲೋ ಮತ್ತು 20 ಕಿಲೋ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಈಗ ಕರಾವಳಿಯ ಸುದ್ದಿಗಳಲ್ಲಿ ಪದೇ ಪದೇ ಬರುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ.

ಶಿಕ್ಷೆಯೂ ಇದೇ ಖಾನೆಗಳ ಪ್ರಕಾರ. ಅಲ್ಪ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷ, ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಮಧ್ಯಮ ಪ್ರಮಾಣಕ್ಕೆ ಗರಿಷ್ಠ ಹತ್ತು ವರ್ಷ; ಕನಿಷ್ಠ ಇಷ್ಟು ಅಂತಿಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಅಲ್ಲಿ ನ್ಯಾಯಾಧೀಶರಿಗೆ ಎಷ್ಟೇ ಕನಿಕರ ಬಂದರೂ ಹತ್ತಕ್ಕಿಂತ ಕೆಳಗೆ ಇಳಿಯುವ ಅಧಿಕಾರ ಇಲ್ಲ.

ಇಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಹೇಳೋದಾದರೆ ಇದು ಇಳಿಜಾರಲ್ಲ, ಮೆಟ್ಟಿಲು. 9.9 ಗ್ರಾಂ ಎಂಡಿಎಂಎಗೆ ಆರು ತಿಂಗಳ ಶಿಕ್ಷೆಯೂ ಸಾಧ್ಯ. 10.1 ಗ್ರಾಂಗೆ ಹತ್ತು ವರ್ಷದಿಂದಲೇ ಶುರು. ಇಂಥ ಮೆಟ್ಟಿಲಿನ ಅಂಚಿನಲ್ಲಿ ನಿಂತವನ ತಕ್ಕಡಿಗೆ ಬೇರೆಯವರ ಒಂದೆರಡು ಗ್ರಾಂ ಸೇರಿಸುವ ದಾರಿ ಕಾನೂನಿನಲ್ಲೇ ಇದೆ. ಅದರ ಹೆಸರು ಸೆಕ್ಷನ್ 29, ಅಂದರೆ ಪ್ರಚೋದನೆ ಮತ್ತು ಒಳಸಂಚು.

ಮಣಿಪಾಲ, ಕಾಪು, ಕಾರ್ಕಳ: ಒಂದು ಲೆಕ್ಕ

ಇದು ಕಾಲ್ಪನಿಕ ಉದಾಹರಣೆ, ಯಾರ ಕೇಸೂ ಅಲ್ಲ. ಮೂವರು ಗೆಳೆಯರು ಇದ್ದಾರೆ ಅಂತ ಇಟ್ಕೊಳ್ಳಿ. ಮಣಿಪಾಲದ ಬಾಡಿಗೆ ಫ್ಲ್ಯಾಟಿನಲ್ಲಿ ಇರುವವನ ಬಳಿ 4 ಗ್ರಾಂ ಎಂಡಿಎಂಎ ಸಿಗುತ್ತದೆ. ಅವನ ಫೋನಿನಲ್ಲಿದ್ದ ನಂಬರ್ ಹಿಡಿದು ಹೋದಾಗ ಕಾಪುವಿನವನ ಬಳಿ 3.5 ಗ್ರಾಂ, ಕಾರ್ಕಳದವನ ಬಳಿ 3 ಗ್ರಾಂ. ಬಿಡಿಬಿಡಿಯಾಗಿ ನೋಡಿದರೆ ಮೂವರದ್ದೂ ಮಧ್ಯಮ ಪ್ರಮಾಣ. ಕೂಡಿಸಿದರೆ 10.5 ಗ್ರಾಂ. ವಾಣಿಜ್ಯ ಪ್ರಮಾಣ. ಮೂವರಿಗೂ.

ಕೂಡಿಸಬಹುದೇ? ಇದಕ್ಕೆ ಉತ್ತರ ಗ್ರಾಂನಲ್ಲಿ ಇಲ್ಲ, ಅದರ ಹಿಂದಿನ ಕತೆಯಲ್ಲಿದೆ.

ಕತೆ ಒಂದು: ಮೂವರೂ ದುಡ್ಡು ಒಟ್ಟು ಹಾಕಿ, ಒಬ್ಬ ಬೆಂಗಳೂರಿಗೆ ಹೋಗಿ, ಒಂದೇ ಸಲ 10.5 ಗ್ರಾಂ ತಂದು, ಮಾರಲು ಹಂಚಿಕೊಂಡರು. ಇಲ್ಲಿ ಒಪ್ಪಂದ ಇದೆ. ವಸ್ತು ಯಾರ ಜೇಬಿನಲ್ಲಿ ಎಷ್ಟು ಸಿಕ್ಕಿತು ಅನ್ನುವುದು ಆಕಸ್ಮಿಕ. ಕೂಡಿಸುವುದಕ್ಕೆ ಅರ್ಥವಿದೆ.

ಕತೆ ಎರಡು: ಮೂವರೂ ಒಬ್ಬನೇ ಪೆಡ್ಲರ್‌ನಿಂದ ಬೇರೆ ಬೇರೆ ದಿನ, ತಮ್ಮ ತಮ್ಮ ದುಡ್ಡಿನಲ್ಲಿ ಕೊಂಡರು. ಒಬ್ಬರಿಗೊಬ್ಬರು ಪರಿಚಯ, ಒಂದೇ ವಾಟ್ಸ್ಯಾಪ್ ಗ್ರೂಪು. ಇಲ್ಲಿ ಒಂದೇ ಅಂಗಡಿಯ ಮೂವರು ಗಿರಾಕಿಗಳಿದ್ದಾರೆ, ಅಷ್ಟೇ. ಗಿರಾಕಿಗಳ ನಡುವೆ ಒಪ್ಪಂದ ಎಲ್ಲಿದೆ?

ಕತೆ ಮೂರು: ಕಾರ್ಕಳದವನು ‘ನನಗೂ ಸ್ವಲ್ಪ ತಾ ಮಾರಾಯ’ ಅಂತ ಯುಪಿಐನಲ್ಲಿ ದುಡ್ಡು ಹಾಕಿದ. ಗೆಳೆಯ ಒಟ್ಟು ಎಷ್ಟು ತರುತ್ತಿದ್ದಾನೆ, ಇನ್ಯಾರಿಗೆ ಕೊಡುತ್ತಾನೆ ಅನ್ನುವುದು ಅವನಿಗೆ ಗೊತ್ತಿಲ್ಲ. ಇವನ ಒಪ್ಪಂದ 3 ಗ್ರಾಂನದ್ದೋ, 10.5 ಗ್ರಾಂನದ್ದೋ?

ಎಫ್‌ಐಆರ್ ಮೇಲ್ನೋಟಕ್ಕೆ ಈ ಮೂರೂ ಕತೆಗಳಲ್ಲಿ ಒಂದೇ ಥರ ಕಾಣಬಹುದು: ಮೂವರು ಆರೋಪಿಗಳು, ಕರೆ ದಾಖಲೆ, ಯುಪಿಐ ಸ್ಕ್ರೀನ್‌ಶಾಟ್, ಒಟ್ಟು 10.5 ಗ್ರಾಂ, ಸೆಕ್ಷನ್ 29.

ಸುಪ್ರೀಂ ಕೋರ್ಟ್ ಹೇಳಿದ್ದೇನು?

2005ರ ಅಮರ್‌ಸಿಂಗ್ ರಾಮ್‌ಜಿಭಾಯಿ ಬಾರೋಟ್ ಪ್ರಕರಣದಲ್ಲಿ ಇದೇ ಪ್ರಶ್ನೆ ಬಂದಿತ್ತು. ಗುಜರಾತಿನಲ್ಲಿ ಇಬ್ಬರು ಒಟ್ಟಿಗೆ ಸಿಕ್ಕಿಬಿದ್ದಿದ್ದರು. ಒಬ್ಬನ ಬಳಿ 920 ಗ್ರಾಂ, ಇನ್ನೊಬ್ಬನ ಬಳಿ 4.25 ಕಿಲೋ. ಹೈಕೋರ್ಟ್ ಎರಡನ್ನೂ ಕೂಡಿಸಿತ್ತು. ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು: ಇಬ್ಬರ ನಡುವೆ ಒಳಸಂಚು ಇತ್ತು ಅನ್ನುವುದಕ್ಕೆ ಸಾಕ್ಷ್ಯ ಇಲ್ಲದಿದ್ದರೆ ಒಬ್ಬನ ತೂಕವನ್ನು ಇನ್ನೊಬ್ಬನಿಗೆ ಸೇರಿಸುವಂತಿಲ್ಲ. ಆ ಆರೋಪಿಯ ಸ್ವಂತ 920 ಗ್ರಾಮೇ ವಾಣಿಜ್ಯ ಗೆರೆ ದಾಟಿತ್ತು, ಹಾಗಾಗಿ ಶಿಕ್ಷೆ ಉಳಿಯಿತು. ಆದರೆ ತತ್ವ ಸ್ಪಷ್ಟವಾಯಿತು. ಮೊದಲು ಒಪ್ಪಂದ ಸಾಬೀತಾಗಬೇಕು, ಆಮೇಲೆ ಕೂಡಿಸುವ ಮಾತು.

2021ರಲ್ಲಿ ಇಡೀ ದೇಶ ಟಿವಿ ಮುಂದೆ ಕೂತು ನೋಡಿದ ಮುಂಬೈ ಕ್ರೂಸ್ ಪ್ರಕರಣದಲ್ಲೂ ನಡೆದದ್ದು ಇದೇ ವಾದ. ಆರ್ಯನ್ ಖಾನ್ ಬಳಿ ಏನೂ ಸಿಕ್ಕಿರಲಿಲ್ಲ. ಜೊತೆಗಿದ್ದ ಗೆಳೆಯನ ಬಳಿ 6 ಗ್ರಾಂ ಚರಸ್ ಸಿಕ್ಕಿತ್ತು, ಅದು 100 ಗ್ರಾಂನ ಅಲ್ಪ ಪ್ರಮಾಣದ ಗೆರೆಯಿಂದ ಬಹಳ ಕೆಳಗೆ. ಆದರೂ ಒಳಸಂಚು ಇದೆ, ಹಾಗಾಗಿ ಬೇರೆಯವರ ಬಳಿ ಸಿಕ್ಕಿದ್ದನ್ನೂ ಸೇರಿಸಿ ನೋಡಬೇಕು ಅಂತ ಎನ್‌ಸಿಬಿ ವಾದಿಸಿತು. ಒಂದೇ ಹಡಗಿನಲ್ಲಿ ಹೋಗುತ್ತಿದ್ದರು ಅನ್ನುವುದು ಒಳಸಂಚಿಗೆ ಆಧಾರ ಆಗುವುದಿಲ್ಲ ಎಂದ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿತು. 2022ರ ಮೇ ತಿಂಗಳ ಆರೋಪಪಟ್ಟಿಯಲ್ಲಿ ಎನ್‌ಸಿಬಿಯೇ ಅವರ ಹೆಸರು ಬಿಟ್ಟಿತು. ದೇಶದ ದುಬಾರಿ ವಕೀಲರು ವಾದ ಮಾಡಿದ್ದ ಕೇಸು ಅದು. ಆದರೂ ಇಪ್ಪತ್ತಕ್ಕೂ ಹೆಚ್ಚು ದಿನ ಹುಡುಗ ಒಳಗಿದ್ದ.

ಒಳಸಂಚಿಗೆ ಸಾಕ್ಷ್ಯ ಅಂದರೇನು ಅನ್ನುವ ಪ್ರಶ್ನೆಗೂ ಕೋರ್ಟುಗಳು ಉತ್ತರ ಕೊಟ್ಟಿವೆ. 2020ರ ಅಕ್ಟೋಬರ್‌ನ ತೂಫಾನ್ ಸಿಂಗ್ ತೀರ್ಪಿನ ಪ್ರಕಾರ, ಸೆಕ್ಷನ್ 67ರ ಅಡಿ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಹೇಳಿಕೆಯನ್ನು ಶಿಕ್ಷೆಗೆ ಆಧಾರ ಮಾಡುವಂತಿಲ್ಲ. ಇದರ ನೇರ ಪರಿಣಾಮ ಕರ್ನಾಟಕದಲ್ಲೇ ಕಂಡಿತು. ಸಹ ಆರೋಪಿಗಳ ಹೇಳಿಕೆಯ ಮೇಲೆ ಬಂಧಿತರಾದವರಿಗೆ ಕರ್ನಾಟಕ ಹೈಕೋರ್ಟ್ ಜಾಮೀನು ಕೊಟ್ಟಾಗ ಎನ್‌ಸಿಬಿಯ ಬೆಂಗಳೂರು ಘಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಹುತೇಕ ಆರೋಪಿಗಳ ಜಾಮೀನನ್ನು ಎತ್ತಿಹಿಡಿಯಿತು. ‘ನಾನು ಇವನಿಂದ ಕೊಂಡೆ’ ಅನ್ನುವ ಹೇಳಿಕೆಯೊಂದರಿಂದಲೇ ಎರಡನೇ, ಮೂರನೇ, ನಾಲ್ಕನೇ ಆರೋಪಿ ಹುಟ್ಟಿಕೊಳ್ಳುವ ಕೇಸುಗಳಲ್ಲಿ ಇದು ದೊಡ್ಡ ಮಾತು.

ತಕ್ಕಡಿಯಲ್ಲಿ ಇನ್ನೂ ಏನೇನಿದೆ?

ಯಾರ ತೂಕ ಅನ್ನುವ ಪ್ರಶ್ನೆಗಿಂತ ಮೊದಲು ಯಾವುದರ ತೂಕ ಅನ್ನುವ ಪ್ರಶ್ನೆಯೂ ಇದೆ. 2008ರಲ್ಲಿ ಸುಪ್ರೀಂ ಕೋರ್ಟ್, ಬೆರಕೆ ಪುಡಿಯನ್ನು ಬಿಟ್ಟು ಶುದ್ಧ ಮಾದಕವಸ್ತುವನ್ನಷ್ಟೇ ಲೆಕ್ಕ ಹಾಕಬೇಕು ಎಂದಿತ್ತು. ಕೇಂದ್ರ ಸರ್ಕಾರ 2009ರಲ್ಲಿ ಅಧಿಸೂಚನೆ ಬದಲಿಸಿತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪನ್ನು ತಪ್ಪೆಂದಿತು. ಈಗ ಬೆರಕೆ ಸೇರಿದ ಪೂರ್ತಿ ತೂಕವೇ ಲೆಕ್ಕ. ಅಂದರೆ 2 ಗ್ರಾಂ ಎಂಡಿಎಂಎಗೆ 9 ಗ್ರಾಂ ಇನ್ನೇನೋ ಪುಡಿ ಬೆರೆಸಿದರೂ ಕಾನೂನಿನ ಕಣ್ಣಿಗೆ ಅದು 11 ಗ್ರಾಂ.

ಎಲ್‌ಎಸ್‌ಡಿಯಲ್ಲಿ ಇದು ಇನ್ನೂ ವಿಚಿತ್ರ. ಅದರ ವಾಣಿಜ್ಯ ಗೆರೆ 0.1 ಗ್ರಾಂ. ಒಂದು ಬ್ಲಾಟ್ ಕಾಗದದಲ್ಲಿ 100 ಮೈಕ್ರೋಗ್ರಾಂ ರಾಸಾಯನಿಕ ಇದೆ ಅಂತಿಟ್ಟುಕೊಂಡರೆ ಆ ಗೆರೆ ಮುಟ್ಟಲು ಸಾವಿರ ಬ್ಲಾಟ್ ಬೇಕು. ಕಾಗದವನ್ನೂ ತೂಗಿದರೆ? ಒಂದೊಂದು ಚೂರು 10 ಮಿಲಿಗ್ರಾಂ ತೂಗಿದರೆ ಹತ್ತು ಬ್ಲಾಟ್‌ಗೆ ಗೆರೆ ಮುಟ್ಟುತ್ತದೆ. ಕಾಗದವನ್ನೂ ಸೇರಿಸಿಯೇ ತೂಗಬೇಕು ಅಂತ ಬಾಂಬೆ ಹೈಕೋರ್ಟ್ 2023ರಲ್ಲಿ ಹೇಳಿತು.

ಗಾಂಜಾದಲ್ಲಿ ಲೆಕ್ಕ ಆರೋಪಿಯ ಪರವಾಗಿಯೂ ತಿರುಗಬಹುದು. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಹಸಿ ಗಿಡವನ್ನು ಬೇರು ಸಮೇತ ಕಿತ್ತು ತೂಗಿದ ಕೇಸುಗಳಲ್ಲಿ ವಕೀಲರು ಹಿಡಿಯುವುದು ಇದನ್ನೇ.

ಪರೀಕ್ಷೆಗೆ ಕಳಿಸಿದ್ದಷ್ಟೇ ಸಾಬೀತಾದದ್ದು ಅನ್ನುವುದಕ್ಕೆ ನೆರೆಯ ಗೋವಾದ ಹಳೆಯ ಕೇಸೊಂದಿದೆ. ವಿದೇಶಿ ಪ್ರಜೆಯೊಬ್ಬನ ಬಳಿ ಚರಸ್‌ನ ಎರಡು ತುಂಡು, ಒಟ್ಟು 12 ಗ್ರಾಂ ಸಿಕ್ಕಿತ್ತು. ಲ್ಯಾಬಿಗೆ ಹೋದದ್ದು ಒಂದೇ ತುಂಡು, 5 ಗ್ರಾಂಗಿಂತ ಕಡಿಮೆ. ಇನ್ನೊಂದು ತುಂಡು ಚರಸ್ ಅನ್ನುವುದಕ್ಕೆ ಪುರಾವೆ ಇಲ್ಲ ಎಂದ ಸುಪ್ರೀಂ ಕೋರ್ಟ್, 1993ರಲ್ಲಿ ಹತ್ತು ವರ್ಷದ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಮೂವರು ಆರೋಪಿಗಳ ಪ್ಯಾಕೆಟ್‌ಗಳನ್ನು ಒಂದೇ ಕವರಿಗೆ ಸುರಿದು, ಒಂದೇ ಸ್ಯಾಂಪಲ್ ತೆಗೆದರೆ ಯಾರ ಬಳಿ ಏನಿತ್ತು ಅನ್ನುವುದೇ ಅಳಿಸಿಹೋಗುತ್ತದೆ. ಅದಕ್ಕಾಗಿಯೇ ಸೆಕ್ಷನ್ 52ಎ ಮತ್ತು 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನಿಯಮಗಳು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಸ್ಯಾಂಪಲ್ ತೆಗೆಯಬೇಕು ಅನ್ನುತ್ತವೆ. ಆದರೆ ಈ ನಿಯಮ ತಪ್ಪಿದ ಮಾತ್ರಕ್ಕೆ ಕೇಸೇ ಬೀಳುವುದಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಶಿಕ್ಷೆಗೂ ಮೊದಲಿನ ಶಿಕ್ಷೆ

ಇಷ್ಟೆಲ್ಲ ತೀರ್ಪುಗಳಿದ್ದರೆ ಸಮಸ್ಯೆ ಏನು? ಇವುಗಳಲ್ಲಿ ಬಹಳಷ್ಟು ಕೆಲಸಕ್ಕೆ ಬರುವುದು ವಿಚಾರಣೆಯ ಕೊನೆಯಲ್ಲಿ. ಕೂಡಿಸುವ ಕೆಲಸ ನಡೆಯುವುದು ಮೊದಲ ದಿನ, ಠಾಣೆಯಲ್ಲಿ.

ಎಫ್‌ಐಆರ್‌ನಲ್ಲಿ ಒಟ್ಟು ತೂಕ ವಾಣಿಜ್ಯ ಪ್ರಮಾಣ ಅಂತ ಬಿದ್ದ ಕೂಡಲೇ ಎರಡು ಬಾಗಿಲು ಮುಚ್ಚುತ್ತವೆ. ಒಂದು, ಸೆಕ್ಷನ್ 37. ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬಲು ಸಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವ ಸಾಧ್ಯತೆ ಇಲ್ಲ ಅನ್ನುವ ಎರಡೂ ಮಾತು ಕೋರ್ಟಿಗೆ ಮನವರಿಕೆ ಆದರಷ್ಟೇ ಜಾಮೀನು. ಇನ್ನೂ ಸಾಕ್ಷಿ ವಿಚಾರಣೆಯೇ ಶುರುವಾಗದ ಹಂತದಲ್ಲಿ! ಎರಡು, ಸೆಕ್ಷನ್ 36ಎ. ಸಾಮಾನ್ಯ ಪ್ರಕರಣಗಳಲ್ಲಿ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಇಲ್ಲಿ ಗಡುವು 180 ದಿನ, ಅದನ್ನು ಒಂದು ವರ್ಷದವರೆಗೂ ವಿಸ್ತರಿಸಬಹುದು.

ನಮ್ಮ ಕಾಲ್ಪನಿಕ ಕಾರ್ಕಳದ ಹುಡುಗನಿಗೆ ಇದರ ಅರ್ಥ ಇಷ್ಟೇ. 3 ಗ್ರಾಂನ ಆರೋಪಿಯಾಗಿದ್ದರೆ ಸಾಮಾನ್ಯ ಜಾಮೀನಿನ ಮಾನದಂಡ. 10.5 ಗ್ರಾಂನ ‘ಜಾಲ’ದವನಾದರೆ ಹಿರಿಯಡ್ಕದ ಜೈಲಿನಲ್ಲಿ ಕೂತು ಹೈಕೋರ್ಟಿನ ದಿನಾಂಕ ಕಾಯಬೇಕು. ವರ್ಷಗಳ ನಂತರ ಉಡುಪಿಯ ನ್ಯಾಯಾಧೀಶರು ಬಾರೋಟ್ ತೀರ್ಪು ಓದಿ, ‘ಒಳಸಂಚು ಸಾಬೀತಾಗಿಲ್ಲ, ನಿನ್ನದು ಮಧ್ಯಮ ಪ್ರಮಾಣ’ ಅಂತ ಎರಡು ವರ್ಷ ಶಿಕ್ಷೆ ಕೊಟ್ಟರೂ, ಅಷ್ಟರಲ್ಲಿ ಅದಕ್ಕಿಂತ ಹೆಚ್ಚು ಕಾಲ ಅವನು ಒಳಗೇ ಕಳೆದಿರಬಹುದು.

ಇದು ಉತ್ಪ್ರೇಕ್ಷೆ ಅಲ್ಲ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮೊಹಮ್ಮದ್ ಮುಸ್ಲಿಂ ಪ್ರಕರಣ ನೋಡಿ. ದೆಹಲಿಯ ಆ ಕೇಸಿನಲ್ಲಿ 180 ಕಿಲೋ ಗಾಂಜಾ ಸಿಕ್ಕಿದ್ದು ಬೇರೆಯವರ ಬಳಿ. ಇವನ ಹೆಸರು ಬಂದಿದ್ದು ಸಹ ಆರೋಪಿಯ ಹೇಳಿಕೆಯಿಂದ. 2015ರಲ್ಲಿ ಬಂಧನವಾದಾಗ ವಯಸ್ಸು 23. ಜಾಮೀನು ಸಿಕ್ಕಿದ್ದು ಏಳು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದ ಮೇಲೆ. ಸೆಕ್ಷನ್ 37 ಅನ್ನು ಅಕ್ಷರಶಃ ಓದಿದರೆ ಯಾರಿಗೂ ಜಾಮೀನೇ ಸಿಗದಂತಾಗುತ್ತದೆ ಅಂತ ಕೋರ್ಟ್ ಆಗ ಎಚ್ಚರಿಸಿತು.

ಹಾಗಾದರೆ ದೊಡ್ಡ ಕುಳಗಳು?

ಇದಕ್ಕೆ ಬಲವಾದ ಪ್ರತಿವಾದ ಇದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ವ್ಯಾಪಾರಿಗಳಿಗೆ ಗ್ರಾಂ ಗೆರೆಗಳು ನಮಗಿಂತ ಚೆನ್ನಾಗಿ ಗೊತ್ತು. ಹತ್ತು ಹುಡುಗರ ಕೈಗೆ ತಲಾ 9 ಗ್ರಾಂ ಕೊಟ್ಟು ಬಿಟ್ಟರೆ ಯಾರೂ ವಾಣಿಜ್ಯ ಗೆರೆ ದಾಟುವುದಿಲ್ಲ. ಕೂಡಿಸುವ ಅವಕಾಶವೇ ಇಲ್ಲದಿದ್ದರೆ 90 ಗ್ರಾಂನ ಯಜಮಾನ ಆರಾಮಾಗಿ ಇರುತ್ತಾನೆ.

ಮಂಗಳೂರಿನ ಪ್ರಕರಣವೇ ಉದಾಹರಣೆ. 2024ರಲ್ಲಿ ಪಂಪ್‌ವೆಲ್ ಬಳಿ 15 ಗ್ರಾಂ ಎಂಡಿಎಂಎ ಜೊತೆ ಒಬ್ಬ ಸಿಕ್ಕಿದ. ಆ ಎಳೆ ಹಿಡಿದು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ 6 ಕಿಲೋಗೂ ಹೆಚ್ಚು ವಶಪಡಿಸಿಕೊಂಡರು. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರಿಂದ 37.87 ಕಿಲೋ ವಶವಾಯಿತು. 15 ಗ್ರಾಂನಲ್ಲೇ ಫೈಲ್ ಮುಚ್ಚಿದ್ದರೆ ಮೇಲಿನ ಕೊಂಡಿ ಎಂದೂ ಸಿಗುತ್ತಿರಲಿಲ್ಲ. ಒಳಸಂಚಿನ ಕಾನೂನು ಇರಬೇಕಾದದ್ದು ಇಂಥ ತನಿಖೆಗೇ.

ಆದರೆ ಈ ಸರಪಳಿಯಲ್ಲಿ ತನಿಖೆ ಹೋದ ದಿಕ್ಕು ನೋಡಿ: ಕೆಳಗಿನಿಂದ ಮೇಲಕ್ಕೆ. ಮೇಲಿನವನು ಕೆಳಗಿನವರಿಗೆಲ್ಲ ಹಂಚಿದ್ದಕ್ಕೆ ಹೊಣೆ ಹೊರಬೇಕು, ಅದು ನ್ಯಾಯ. ತೂಕವನ್ನು ಮೇಲಿನಿಂದ ಕೆಳಕ್ಕೆ ಹಂಚುವುದು ಬೇರೆ ಮಾತು. ಕೊನೆಯ ಕೊಂಡಿಯಲ್ಲಿ ಇರುವವನಿಗೆ ಬೆಂಗಳೂರಿನಲ್ಲಿ ಎಷ್ಟು ಕಿಲೋ ಇಳಿಯಿತು ಅನ್ನುವುದು ಗೊತ್ತಿರುವುದೂ ಇಲ್ಲ, ಅದರ ಲಾಭವೂ ಅವನದ್ದಲ್ಲ. ಸೆಕ್ಷನ್ 29 ಈ ಇಬ್ಬರ ನಡುವೆ ವ್ಯತ್ಯಾಸ ಮಾಡುವುದಿಲ್ಲ; ಮೂಲ ಅಪರಾಧಕ್ಕೆ ಇರುವ ಶಿಕ್ಷೆಯೇ ಒಳಸಂಚಿಗೂ. ವಾಣಿಜ್ಯ ಗೆರೆ ದಾಟಿದ ಮೇಲಂತೂ ಬಡವ, ಬರೀ ಸಾಗಾಟದವನು, ಮನೆಗೆ ದುಡಿಯುವವನು ಒಬ್ಬನೇ ಅನ್ನುವ ಕಾರಣಗಳು ಶಿಕ್ಷೆ ಇಳಿಸಲು ಸಾಲವು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1 ಕಿಲೋ ಹೆರಾಯಿನ್‌ನ ಆ ಕೇಸಿನಲ್ಲಿ 15 ವರ್ಷದ ಶಿಕ್ಷೆ ಉಳಿಯಿತು.

ಡ್ರಗ್ಸ್ ಕೇಸುಗಳಲ್ಲಿ ಕರುಣೆಗೆ ಹೆಸರಾಗದ ಅಮೆರಿಕದಲ್ಲೂ ಒಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿನ ಫೆಡರಲ್ ಶಿಕ್ಷಾ ಮಾರ್ಗಸೂಚಿಯ ಪ್ರಕಾರ, ಬೇರೆಯವರ ತೂಕವನ್ನು ಒಬ್ಬನಿಗೆ ಸೇರಿಸಬೇಕಾದರೆ ಅದು ಅವನು ಒಪ್ಪಿಕೊಂಡ ಜಂಟಿ ಕೆಲಸದ ವ್ಯಾಪ್ತಿಯೊಳಗೆ ಇರಬೇಕು, ಆ ಕೆಲಸಕ್ಕಾಗಿಯೇ ನಡೆದಿರಬೇಕು, ಅವನು ಅದನ್ನು ಮೊದಲೇ ಊಹಿಸಬಹುದಾಗಿರಬೇಕು. ಕನಿಷ್ಠ ಶಿಕ್ಷೆಯನ್ನು ಏರಿಸುವ ಯಾವ ಸಂಗತಿಯನ್ನೂ ಜ್ಯೂರಿಯೇ ಸಂಶಯಾತೀತವಾಗಿ ಒಪ್ಪಬೇಕು ಅಂತ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಲ್ಲಿನ ಜೈಲುಗಳು ಖಾಲಿಯಾಗಿಲ್ಲ, ನಿಜ. ಆದರೆ ‘ಈ ವ್ಯಕ್ತಿಯ ಪಾಲು ಎಷ್ಟು?’ ಅನ್ನುವ ಪ್ರಶ್ನೆಗೆ ಒಂದು ಜಾಗವಾದರೂ ಇದೆ. ನಮ್ಮ ಕಾಯ್ದೆಯಲ್ಲಿ ಆ ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಬೇಕಾದ ಹಂತವೇ ಇಲ್ಲ.

ಈಗಲೇ ಮಾಡಬಹುದಾದದ್ದು

ಇದಕ್ಕೆ ಸಂಸತ್ತು ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಈಗಿನ ತೀರ್ಪುಗಳ ಒಳಗೇ ಮಾಡಬಹುದು. ಎಫ್‌ಐಆರ್‌ನಲ್ಲೂ ರಿಮಾಂಡ್ ಅರ್ಜಿಯಲ್ಲೂ ಪ್ರತಿ ಆರೋಪಿಯ ಬಳಿ ಸಿಕ್ಕ ತೂಕವನ್ನು ಬೇರೆ ಬೇರೆಯಾಗಿ ಬರೆಯಬೇಕು. ಕೂಡಿಸುವುದಾದರೆ ಯಾವ ಒಪ್ಪಂದ, ಯಾವಾಗಿನದ್ದು, ಅದಕ್ಕೆ ಹೇಳಿಕೆ ಬಿಟ್ಟು ಬೇರೆ ಆಧಾರ ಏನು ಅಂತ ಹೇಳಬೇಕು. ಜಾಮೀನು ಹಂತದಲ್ಲೇ ನ್ಯಾಯಾಧೀಶರು ಅದನ್ನು ಕೇಳಬೇಕು. ಆಧಾರ ಇಲ್ಲದಿದ್ದರೆ ಆ ಆರೋಪಿಯ ಮಟ್ಟಿಗೆ ಅವನ ಸ್ವಂತ ತೂಕವನ್ನೇ ನೋಡಿ ಸೆಕ್ಷನ್ 37 ಅನ್ವಯ ಆಗುತ್ತದೋ ಇಲ್ಲವೋ ತೀರ್ಮಾನಿಸಬೇಕು. ಸ್ಯಾಂಪಲ್ ಪ್ರತಿ ಪ್ಯಾಕೆಟ್‌ನಿಂದ ಪ್ರತ್ಯೇಕವಾಗಿ ತೆಗೆಯಬೇಕು. ಇದರಿಂದ ದೊಡ್ಡ ವ್ಯಾಪಾರಿಯೊಬ್ಬನೂ ತಪ್ಪಿಸಿಕೊಳ್ಳುವುದಿಲ್ಲ, ಏಕೆಂದರೆ ನಿಜವಾದ ಜಾಲಕ್ಕೆ ದುಡ್ಡಿನ ಜಾಡು, ಪ್ರಯಾಣದ ಜಾಡು, ಪದೇ ಪದೇ ನಡೆದ ವಹಿವಾಟು ಇದ್ದೇ ಇರುತ್ತದೆ.

ರಾಜಕೀಯದವರು ಇದನ್ನೆಲ್ಲ ಹೇಳುವುದಿಲ್ಲ. ಡ್ರಗ್ಸ್ ವಿಷಯದಲ್ಲಿ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಇರುವುದು ಒಂದೇ ಭಾಷಣ, ಇನ್ನಷ್ಟು ಕಠಿಣ ಕ್ರಮ. ಮಣಿಪಾಲದಲ್ಲಿ ಓದುವ ಹೊರರಾಜ್ಯದ ಹುಡುಗನಿಗೆ ಇಲ್ಲಿ ಓಟಿಲ್ಲ. ಕಾಪು, ಕಾರ್ಕಳದ ಹುಡುಗನ ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ.

ಹಾಗಾಗಿ ಓದುಗರಾದ ನಮ್ಮ ಪಾಲಿಗೆ ಉಳಿಯುವುದು ಸಣ್ಣ ಕೆಲಸ. ಮುಂದಿನ ಸಲ ‘ಜಾಲ ಪತ್ತೆ, ಒಟ್ಟು ಇಷ್ಟು ಗ್ರಾಂ’ ಅನ್ನುವ ಸುದ್ದಿ ನಿಮ್ಮ ಗ್ರೂಪಿಗೆ ಬಂದಾಗ ಫಾರ್ವರ್ಡ್ ಮಾಡುವ ಮುಂಚೆ ಕೇಳಿ: ಯಾರ ಬಳಿ ಎಷ್ಟು? ಆ ಸುದ್ದಿಯಲ್ಲಿ ಉತ್ತರ ಇಲ್ಲದಿದ್ದರೆ ವರದಿಗಾರರನ್ನು ಕೇಳಿ. ಠಾಣೆಯ ಪ್ರಕಟಣೆಯಲ್ಲೇ ಇಲ್ಲದಿದ್ದರೆ ಇಲಾಖೆಯನ್ನು ಕೇಳಿ. ಹತ್ತು ವರ್ಷದ ಜೈಲು ನಿಂತಿರುವುದು ಆ ಒಂದು ಉತ್ತರದ ಮೇಲೆ.